ಒಂದರಿಂದ ನಾಲ್ಕು ಬಂದ್

ಈ ಸಲ ಧಾರವಾಡಕ್ಕೆ ಹೋದಾಗ ಕಾಕಾನಿಗೆ ಹೇಳಲೇಬೇಕಾದ ಸುದ್ದಿ ಒಂದಿತ್ತು. ಬಹಳ ವರ್ಷ ಮಾಡಿದ ಕೆಲಸ ಬಿಟ್ಟಿದ್ದೆ. ಫೋನಿನಲ್ಲಿ ಹೇಳೋದು ಬೇಡ, ಎದುರಿಗೆ ಕೂತು ಹೇಳೋಣ ಅಂತ ಹಾಗೇ ಇಟ್ಟುಕೊಂಡಿದ್ದೆ. ಅಪ್ಪ ಹೋದ ಮೇಲೆ ಇಂಥ ಮಾತು ಹೇಳಿಕೊಳ್ಳಲು ನಮ್ಮ ಮನೆತನದಲ್ಲಿ ಉಳಿದ ಹಿರಿಯರು ಅವರೊಬ್ಬರೇ.

ಪಡಸಾಲೆಯಲ್ಲಿ ಕೂತೆವು. ಟಿವಿ ನಡೆದಿತ್ತು. ಕಾಕಾನ ಕೈಯಲ್ಲಿ ಫೋನಿತ್ತು.

"ಮತ್ತೇನ್ ವಿಶೇಷಪಾ?" ಅಂದರು.

"ಕಾಕಾ, ನಾ ಕೆಲಸಾ ಬಿಟ್ಟೆ."

"ಹೌದಾ? ಛಲೋ ಆತು ತಗೋ," ಅಂದರು. ಬೆರಳು ಫೋನಿನ ಮೇಲೆ ಸರಿಯುತ್ತಲೇ ಇತ್ತು. ಗೇಟಿನ ಹತ್ತಿರ ಯಾರೋ ಏಣಿ ಕೇಳಲು ಬಂದರು. "ಬರ್ರಿ ಬರ್ರಿ, ಚಹಾ ಕುಡದ ಹೋಗ್ರಿ" ಎಂದು ಕೂಗಿದರು. ಅವರು ಬಂದು ಕೂತರು. ಕಾಕಾ ನನ್ನ ಕಡೆ ತಿರುಗಿ, ನಗುತ್ತ, ಮತ್ತೆ ಕೇಳಿದರು. "ಮತ್ತೇನ್ ವಿಶೇಷ?"

ಕಾಕಾ ಒಳ್ಳೆಯವರು. ನನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಸಂಶಯವೇ ಇಲ್ಲ. ನಾನು ಹೊರಡುವಾಗ ಪೇಢೆಯ ಡಬ್ಬಿ ಕೈಗಿಟ್ಟು, ಬಸ್ ಸ್ಟ್ಯಾಂಡಿನವರೆಗೂ ಬರುತ್ತೇನೆ ಅಂದರು. ಆದರೆ ನಾನು ಹೇಳಿದ ಮಾತು ಅವರ ಕಿವಿಗೆ ಬಿದ್ದಿತೇ ಹೊರತು ಅವರನ್ನು ಮುಟ್ಟಲಿಲ್ಲ. ನಿಪ್ಪಾಣಿ ದಾಟಿ ಬೋರ್ಡುಗಳೆಲ್ಲ ಮರಾಠಿಯಾದ ಮೇಲೂ ಆ ಪ್ರಶ್ನೆ ನನ್ನನ್ನು ಕಾಡಿತು. ಕೇಳಿದವರಿಗೆ ಉತ್ತರ ಬೇಕಿಲ್ಲದಿದ್ದರೆ ಇದನ್ನು ನಾವು ದಿನಾ ಯಾಕೆ ಕೇಳುತ್ತೇವೆ?

ಪುಣೆಗೆ ಮರಳಿದ ಮಾರನೇ ದಿನ ಜೋಳ ಬೀಸಿಸಲು ಹೋದೆ. ನಾವಿರುವುದು ಸದಾಶಿವ ಪೇಠೆಯ ಹಳೆಯ ಓಣಿಯಲ್ಲಿ. ಗಿರಣಿ ನಾಲ್ಕು ಮನೆ ಆಚೆ. ಶಟರಿನ ಪಕ್ಕ ಬೋರ್ಡು ತೂಗುತ್ತದೆ. "ದುಪಾರಿ 1 ತೆ 4 ಬಂದ್." ಮಧ್ಯಾಹ್ನ ಒಂದರಿಂದ ನಾಲ್ಕು ಮುಚ್ಚಿರುತ್ತದೆ ಅಂತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಶಟರ್ ಬಡಿದರೂ ತೆಗೆಯುವುದಿಲ್ಲ ಎಂಬರ್ಥದ ಇನ್ನೊಂದು ಸಾಲು. ಇಂಥ ಬೋರ್ಡುಗಳಿಗೆ ಪುಣೆ ಹೆಸರುವಾಸಿ. ಹೊರಗಿನಿಂದ ಬಂದವರು ಅದರ ಫೋಟೋ ತೆಗೆದು ನಗುತ್ತಾರೆ. ಪುಣೆಯವರು ಸೊಕ್ಕಿನವರು, ಗಿರಾಕಿಗಿಂತ ನಿದ್ದೆ ದೊಡ್ಡದು ಅನ್ನುವ ಜನ, ಅಂತ ನಮ್ಮ ಕಡೆಯವರೆಲ್ಲ ಹೇಳುತ್ತಾರೆ.

ಗಿರಣಿಯವರಿಗೆ ಅರವತ್ತು ದಾಟಿದೆ. ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನ ಡಬ್ಬಿಯ ಮುಚ್ಚಳ ತೆಗೆದು ಒಂದಿಷ್ಟು ಕಾಳು ಅಂಗೈಗೆ ಸುರಿದುಕೊಂಡರು. ಬೆರಳಿನಿಂದ ಸರಿಸಿ ನೋಡಿದರು. ಮಾಲದಂಡಿ ಜೋಳ. ಭಾಕ್ರಿಗೋ ಥಾಲಿಪೀಟಿಗೋ ಅಂತ ಕೇಳಿದರು. ಭಾಕ್ರಿಗೆ ಅಂದೆ. ನನಗಿಂತ ಮೊದಲು ಯಾರದೋ ಗೋಧಿ ಬೀಸಿದ್ದರು. ಹಾಗಾಗಿ ಮೊದಲು ಒಂದು ಹಿಡಿ ಜೋಳ ಹಾಕಿ, ಅದರ ಹಿಟ್ಟನ್ನು ಪಕ್ಕಕ್ಕೆ ತೆಗೆದಿಟ್ಟರು. ಆಮೇಲೆ ಉಳಿದದ್ದನ್ನು ಸುರಿದರು. ಕೆಳಗೆ ಬೀಳುವ ಹಿಟ್ಟಿಗೆ ಕೈಯೊಡ್ಡಿ ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದರು. ಸಮಾಧಾನವಾಗಲಿಲ್ಲ. ಚಕ್ರ ಸ್ವಲ್ಪ ತಿರುಗಿಸಿ ಕಲ್ಲು ಬಿಗಿ ಮಾಡಿದರು. ಮತ್ತೆ ತಿಕ್ಕಿದರು.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ತಿರುಗಿಯೂ ನೋಡಲಿಲ್ಲ. ಒಂದಕ್ಕೆ ಇನ್ನೇನು ಕೆಲವೇ ನಿಮಿಷ ಇರುವಾಗ ಒಬ್ಬಾಕೆ ದೊಡ್ಡ ಡಬ್ಬಿ ಹಿಡಿದು ಬಂದರು. "ಚಾರ್ ವಾಜ್ತಾ ಯಾ," ಅಂದರು. ನಾಲ್ಕಕ್ಕೆ ಬನ್ನಿ. ಅಷ್ಟೇ. ಕ್ಷಮೆ ಇಲ್ಲ, ನಗು ಇಲ್ಲ. ಆಕೆಗೂ ಬೇಜಾರಾದಂತೆ ಕಾಣಲಿಲ್ಲ. ನನ್ನ ಹಿಟ್ಟನ್ನು ಡಬ್ಬಿಗೆ ತುಂಬಿಕೊಟ್ಟು, ಮನೆಗೆ ಹೋದ ತಕ್ಷಣ ಮುಚ್ಚಳ ತೆಗೆದಿಡಿ, ಬಿಸಿ ಆರಲಿ, ಇಲ್ಲಾಂದರೆ ಬೆವರುತ್ತದೆ ಅಂತ ಹೇಳಿದರು. ನನ್ನ ಮುಖ ನೋಡಿಯೇ ಹೇಳಿದರು. ನಾನು ತಲೆಯಾಡಿಸುವ ತನಕ ಕಾದರು. ಆಮೇಲೆ ಶಟರ್ ಎಳೆದರು.

ಜೋಳದ ರೊಟ್ಟಿ ಬಡಿಯುವವರಿಗೆ ಇದರ ಬೆಲೆ ಗೊತ್ತು. ಗೋಧಿಯಲ್ಲಿರುವ ಗ್ಲೂಟೆನ್ ಜೋಳದಲ್ಲಿಲ್ಲ. ಕುದಿಯುವ ನೀರು, ಹಿಟ್ಟಿನ ನುಣುಪು, ನಾದುವ ಕೈ, ಇಷ್ಟೇ ಅದನ್ನು ಹಿಡಿದಿಡುವುದು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅಂಚು ಬಿರಿಯುತ್ತದೆ. ಹಾಗಾಗಿ ನಮ್ಮಮ್ಮ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಿದ್ದಳು. ಬಡಿಯುವಾಗ ಯಾರಾದರೂ ಮಾತಾಡಿಸಿದರೆ "ತಡೀ" ಅನ್ನುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಬಿದ್ದು, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದ ಮೇಲೆಯೇ "ಹೂಂ, ಏನಂದಿ?" ಅಂತ ನಮ್ಮ ಕಡೆ ತಿರುಗುತ್ತಿದ್ದಳು. ಆಗ ಮಾತ್ರ ಪೂರ್ತಿ ನಮ್ಮ ಮಾತಿಗೇ ಸಿಗುತ್ತಿದ್ದಳು. ಈಗ ಧಾರವಾಡದಲ್ಲಿ ನಮ್ಮ ಬಳಗದ ಹೆಚ್ಚಿನ ಮನೆಗಳಿಗೆ ರೊಟ್ಟಿ ಹೊರಗಿನಿಂದ ಬರುತ್ತದೆ. ಅದು ತಪ್ಪೇನಲ್ಲ. ರೊಟ್ಟಿ ಬಡಿಯುವ ಕಷ್ಟ ಬಡಿಯುವವರಿಗೇ ಗೊತ್ತು. ಆದರೆ ಉಳಿದ ಹೊತ್ತು ಎಲ್ಲಿ ಹೋಯಿತು? ಅದು ಯಾರ ಕೈಗೂ ಸಿಕ್ಕಂತೆ ಕಾಣುವುದಿಲ್ಲ.

ಪುಣೆಯ ಒಂದರಿಂದ ನಾಲ್ಕು ಈಗ ಎಲ್ಲ ಕಡೆ ಉಳಿದಿಲ್ಲ, ನಿಜ. ಬಾಕರವಡಿ ಎಂಬ ತಿಂಡಿಗೆ ಹೆಸರಾದ ಚಿತಳೆ ಬಂಧು ಅಂಗಡಿ 2017ರಲ್ಲಿ ಮಧ್ಯಾಹ್ನವೂ ತೆರೆದಿರಲು ನಿರ್ಧರಿಸಿದಾಗ ಅದು ಪತ್ರಿಕೆಯಲ್ಲಿ ಸುದ್ದಿಯಾಗಿತ್ತು. ಒಂದು ಮಿಠಾಯಿ ಅಂಗಡಿ ಮಧ್ಯಾಹ್ನ ಬಾಗಿಲು ತೆರೆದರೆ ಊರೇ ಮಾತಾಡಿಕೊಂಡಿತು ಅಂದರೆ ಮುಚ್ಚುವುದನ್ನು ಈ ಊರು ಎಷ್ಟು ಹಚ್ಚಿಕೊಂಡಿತ್ತು ನೋಡಿ. ಹಳೆಯ ಪೇಠೆಗಳ ಸಣ್ಣ ಅಂಗಡಿಗಳು ಇನ್ನೂ ಮುಚ್ಚುತ್ತವೆ. ಹಿಂಜವಡಿ ಕಡೆಯ ಹೊಸ ಪುಣೆಗೆ ಇದು ಗೊತ್ತೂ ಇಲ್ಲ, ಬೇಕೂ ಇಲ್ಲ. ಅಲ್ಲಿಯ ಟ್ರಾಫಿಕ್ಕಿನಲ್ಲಿ ಕೂತರೆ ಬೆಂಗಳೂರೇ ಅನಿಸುತ್ತದೆ. ನಾನು ಹೇಳುತ್ತಿರುವುದು ಹಳೆಯ ಊರಿನ ಮಾತು.

ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಒಬ್ಬರು ಆಜೋಬಾ, ಆಜಿ ಇದ್ದಾರೆ. ಮಕ್ಕಳು ಹೊರದೇಶದಲ್ಲಿ. ಅವರ ಮನೆಗೆ ಸುಮ್ನೆ ಹೋಗುವಂತಿಲ್ಲ. ಫೋನ್ ಮಾಡಬೇಕು. "ಐದಕ್ಕೆ ಬಾ" ಅನ್ನುತ್ತಾರೆ. ಐದಕ್ಕೇ ಹೋಗಬೇಕು. ಮೊದಮೊದಲು ನನಗೆ ಇದು ಅವಮಾನ ಅನಿಸುತ್ತಿತ್ತು. ಪಕ್ಕದ ಮನೆಗೆ ಹೋಗಲು ಅಪಾಯಿಂಟ್‌ಮೆಂಟಾ ಅಂತ.

ಕೆಲಸ ಬಿಟ್ಟ ಸುದ್ದಿಯನ್ನು ಅವರಿಗೂ ಹೇಳಿದೆ. ನಾನು ಒಳಗೆ ಕಾಲಿಟ್ಟಾಗ ಟಿವಿ ನಡೆದಿತ್ತು. ಆಜೋಬಾ ಎದ್ದು ಹೋಗಿ ಆರಿಸಿದರು. ರಿಮೋಟಿನಿಂದಲ್ಲ, ಗೋಡೆಯ ಸ್ವಿಚ್ಚಿನಿಂದ. ಚಷ್ಮಾ ತೆಗೆದು ಮಡಿಚಿ, ಪೇಪರಿನ ಮೇಲಿಟ್ಟರು. ಆಜಿ ಚಹಾ ತಂದರು, ಜೊತೆಗೆ ಎರಡು ಬಿಸ್ಕಿಟು. ಆಮೇಲೆ ಅವರೂ ಬಂದು ಕುರ್ಚಿಯಲ್ಲಿ ಕೂತರು. ನಾನು ಹೇಳುವ ತನಕ ಇಬ್ಬರೂ ಬಾಯಿ ಹಾಕಲಿಲ್ಲ. ಹೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೆ ಆ ಮೌನಕ್ಕೇ ಗಾಬರಿ. ನಮ್ಮ ಕಡೆ ಮಾತಿನ ನಡುವೆ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ. ಕೊನೆಗೆ ಆಜಿ ಕೇಳಿದ್ದು ಒಂದೇ. ಬೆಳಿಗ್ಗೆ ಎದ್ದ ತಕ್ಷಣ ಏನನ್ನಿಸುತ್ತದೆ?

ಅದನ್ನು ನನಗೆ ಆ ತನಕ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆರಕ್ಕೆ ಆಜೋಬಾ ಎದ್ದು ನಿಂತರು. ಅವರು ಟೆಕಡಿಗೆ, ಅಂದರೆ ಗುಡ್ಡಕ್ಕೆ, ತಿರುಗಾಡಲು ಹೋಗುವ ಹೊತ್ತು. ನನ್ನನ್ನು ಎಬ್ಬಿಸಿ ಕಳಿಸಿದಂತೆಯೇ ಆಯಿತು. ಆದರೆ ಆ ಒಂದು ತಾಸು ಪೂರ್ತಿ ನನ್ನದಾಗಿತ್ತು. ತುಸು ದಿನ ಬಿಟ್ಟು ಮೆಟ್ಟಿಲಲ್ಲಿ ಸಿಕ್ಕಾಗ, ನಾನು ಅಂದು ಹೇಳಿದ ಮಾತನ್ನೇ ಹಿಡಿದು ಮುಂದಿನದನ್ನು ಕೇಳಿದರು. ಅವರು ಒಂದನ್ನೂ ಮರೆತಿರಲಿಲ್ಲ.

ಪುಣೆಯವರ ಎರಡು ಬಿಸ್ಕಿಟಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ನಗುತ್ತಾರೆ. ಊಟ ಮಾಡಿಕೊಂಡೇ ಬಂದಿರಬೇಕಲ್ಲ ಅಂತ ಕೇಳುವ ಜನ ಅಂತ. ನಾನೂ ಹಿಂದೆ ನಕ್ಕವನೇ. ಈಗ ನನಗೆ ಅದರಲ್ಲಿ ಬೇರೆ ಏನೋ ಕಾಣುತ್ತದೆ. ಎರಡು ಬಿಸ್ಕಿಟು ಇಟ್ಟದ್ದರಿಂದಲೇ ಆಜಿ ಬಂದು ಕೂರಲು ಆಯಿತು.

ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಇಡೀ ಜೀವಮಾನದಲ್ಲಿ ಬಂದವರ ಎದುರು ಕೂತದ್ದನ್ನು ನಾನು ನೋಡಿಲ್ಲ. ನಾವು ಚಪ್ಪಲಿ ಬಿಡುವ ಮೊದಲೇ ಅವಳು ಒಳಗೆ. ರವೆ ಹುರಿಯುವ ವಾಸನೆ. ಉಪ್ಪಿಟ್ಟು ಬರುತ್ತದೆ, ಮೇಲೆ ಕಾಯಿತುರಿ. "ಇನ್ನೊಂದ್ ಚೂರ್ ಹಾಕ್ಲ್ಯಾ?" ಚಹಾ ಬರುತ್ತದೆ. ಮಧ್ಯೆ ಚಕ್ಕಲಿ, ಅವಲಕ್ಕಿ. "ಊಟಾ ಮಾಡೇ ಹೋಗ್ಬೇಕ ನೋಡ್." ಮತ್ತೆ ಕುಕ್ಕರ್ ಸೀಟಿ. ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತು ಅರ್ಧ ಮಾತು ಕೇಳುತ್ತಾಳೆ. ಒಳಗಿನಿಂದ ಏನೋ ಉಕ್ಕುವ ಸದ್ದಿಗೆ ಓಡುತ್ತಾಳೆ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೆ ಈಗ ಮೊಣಕಾಲು ನೋವು ಎಷ್ಟಿದೆ, ರಾತ್ರಿ ನಿದ್ದೆ ಬರುತ್ತದಾ, ಮಗ ಫೋನ್ ಮಾಡುತ್ತಾನಾ, ನನಗೆ ಗೊತ್ತಿಲ್ಲ. ಅವಳ ಉಪ್ಪಿಟ್ಟಿನ ರುಚಿ ಮಾತ್ರ ಚೆನ್ನಾಗಿ ಗೊತ್ತು.

ಇದನ್ನು ನಾವು ಆದರ ಅನ್ನುತ್ತೇವೆ. ಆದರವೇ ಹೌದು. ಆದರೆ ಆ ಆದರದಲ್ಲಿ ಮನೆಯ ಹೆಂಗಸು ಒಳಗೇ ಉಳಿಯುತ್ತಾಳೆ. ಗಂಡಸು ಹೊರಗಿದ್ದರೂ ಗೇಟಿನ ಕಡೆ, ಟಿವಿ ಕಡೆ, ಫೋನಿನ ಕಡೆ. ಬಂದವನು ತಟ್ಟೆಯ ಎದುರು ಒಬ್ಬನೇ. ನನಗೆ ಕಾಕುವಿನ ಮೇಲೆ ಸಿಟ್ಟಿಲ್ಲ. ಅವಳು ಕೂತರೆ ನಾಳೆ ಬಳಗವೇ ಆಡಿಕೊಳ್ಳುತ್ತದೆ, ಬಂದವರಿಗೆ ಚಹಾ ಒಂದೇ ಕೊಟ್ಟು ಕಳಿಸಿದಳಂತೆ ಅಂತ. ಆ ಆಡಿಕೊಳ್ಳುವ ಬಾಯಿಗಳ ಮೇಲೆ ಸಿಟ್ಟಿದೆ.

ಮದುವೆ ಊಟದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಳೆದ ಸಲ ಹುಬ್ಬಳ್ಳಿಯಲ್ಲಿ ಬಳಗದ ಮದುವೆಯೊಂದಕ್ಕೆ ಹೋಗಿದ್ದೆವು. ನಾನು ಇನ್ನೂ ಸಾರಿನ ಅನ್ನದಲ್ಲಿದ್ದೆ. ಬೆನ್ನ ಹಿಂದೆ ಕುರ್ಚಿ ಹಿಡಿದು ಒಬ್ಬರು ನಿಂತರು. ಅವರ ಕೈ ನನ್ನ ಭುಜಕ್ಕೆ ತಾಗುತ್ತಿತ್ತು. ಬಡಿಸುವವರು ಸಾರು ಹಾಕಿ ಮುಗಿಸುವ ಮೊದಲೇ ಹೋಳಿಗೆ, ಹೋಳಿಗೆ ಮುರಿಯುವ ಮೊದಲೇ ಮೊಸರು. ನಮ್ಮ ಸಾಲಿನ ಅರ್ಧ ಜನ ಎಡಗೈಯಲ್ಲಿ ಫೋನ್ ಹಿಡಿದು ಎಲೆಯ ಫೋಟೋ ತೆಗೆಯುತ್ತಿದ್ದರು. ಅಷ್ಟು ಖರ್ಚು, ಅಷ್ಟು ಪ್ರೀತಿ, ಬೆಳಗಿನ ಜಾವದಿಂದ ನಿಂತ ಅಡುಗೆಯವರು. ಯಾರೂ ತಿಂದದ್ದರ ರುಚಿ ನೋಡಲಿಲ್ಲ. ಮದುಮಕ್ಕಳ ಹತ್ತಿರ ಹೋದರೆ ಅಲ್ಲೂ ಅಷ್ಟೇ. ಕ್ಯಾಮೆರಾದವನು "ಈ ಕಡೆ ನೋಡ್ರಿ" ಅಂದ, ನೋಡಿದೆವು, ಇಳಿದೆವು. ಹುಡುಗಿಗೆ ಒಂದು ಮಾತು ಹೇಳೋಣ ಅಂದುಕೊಂಡಿದ್ದೆ. ಹಿಂದೆ ಸಾಲಿತ್ತು.

ಹಾಗಂತ ನಿಧಾನ ನಮಗೆ ಗೊತ್ತೇ ಇರಲಿಲ್ಲ ಅಂತಲ್ಲ. ಇದೇ ನನಗೆ ಹೆಚ್ಚು ನೋವಿನ ವಿಷಯ. ಪುಣೆಗೆ ನಿಧಾನವಾಗಿ ಕೂತು ಕೇಳುವುದನ್ನು ಕಲಿಸಿದವರಲ್ಲಿ ನಮ್ಮವರ ಪಾಲು ದೊಡ್ಡದು. ಡಿಸೆಂಬರಿನಲ್ಲಿ ಇಲ್ಲಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ನಡೆಯುತ್ತದೆ. ಸವಾಯಿ ಗಂಧರ್ವರು ಅಂದರೆ ಕುಂದಗೋಳದ ಗಾಯಕ ರಾಮಭಾವು. ಅವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷ, 1953ರಲ್ಲಿ, ಅವರ ಶಿಷ್ಯ ಭೀಮಸೇನ ಜೋಶಿ ಗುರುವಿನ ನೆನಪಿಗೆ ಇದನ್ನು ಶುರು ಮಾಡಿದರು. ಜೋಶಿಯವರೂ ನಮ್ಮ ಗದಗ ಸೀಮೆಯವರೇ, ಹುಟ್ಟಿದ್ದು 1922ರಲ್ಲಿ. ಹುಡುಗನಾಗಿದ್ದಾಗ ಕುಂದಗೋಳದಲ್ಲಿ ಗುರುವಿನ ಮನೆಗೆ ನೀರು ಹೊತ್ತು ಹಾಡು ಕಲಿತವರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಅದೇ ಮನೆಗೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಒಂದೇ ಪಲುಕನ್ನು ದಿನಗಟ್ಟಲೆ ಹಾಡಿಸಿ ತಿದ್ದುತ್ತಿದ್ದರಂತೆ ಆ ಗುರು.

ಆ ಹಾಡಿಕೆಯ ಜೀವವೇ ನಿಧಾನ. ವಿಲಂಬಿತ ಅಂದರೆ ತೀರಾ ನಿಧಾನದ ಲಯ. ಆ ಲಯದ ಏಕತಾಲದಲ್ಲಿ ಮಾತ್ರೆ, ಅಂದರೆ ತಾಳದ ಎಣಿಕೆ, ಹನ್ನೆರಡೇ. ಆದರೆ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗೊತ್ತಿಲ್ಲದವರು ಎದ್ದು ಹೋಗಿರುತ್ತಾರೆ. ಮೊದಲ ಸ್ವರ ಷಡ್ಜದಲ್ಲೇ ಎಷ್ಟೋ ಹೊತ್ತು. ಆಮೇಲೆ ಒಂದೊಂದೇ ಸ್ವರ. ಪುಣೆಯ ಕೇಳುಗರು ಅದಕ್ಕೆ ಕೂರುತ್ತಾರೆ. ಜಮಖಾನೆ, ಥರ್ಮಾಸು, ಶಾಲು ತಂದಿರುತ್ತಾರೆ. ಮೊದಲು ಬೆಳಗಿನವರೆಗೂ ನಡೆಯುತ್ತಿತ್ತು. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ ಬಂದ ಮೇಲೆ ಹೊತ್ತು ಬದಲಾಯಿತು. ಅಲ್ಲಿ ನನ್ನ ಪಕ್ಕ ಒಮ್ಮೆ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಗಾಯಕರು ತಂಬೂರಿ ಶ್ರುತಿ ಮಾಡಿಸುತ್ತಿದ್ದರು, ಇನ್ನೂ ಹಾಡು ಶುರುವಾಗಿರಲಿಲ್ಲ. ಅವಳು ಆಗಲೇ ಕಣ್ಣು ಮುಚ್ಚಿದ್ದಳು. ನಾನು ಹೆಂಡತಿಯ ಕಿವಿಯಲ್ಲಿ ಏನೋ ಅಂದೆ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದರು. ಬೈಯಲಿಲ್ಲ. ನೋಡಿದರು, ಅಷ್ಟೇ.

ಅದೇ ಹಾಡಿಕೆಯನ್ನು ನಮ್ಮ ಕಡೆಯ ಒಂದು ಊರಿನ ಸಭೆಯಲ್ಲಿ ಕೇಳಿದ್ದು ನೆನಪಿದೆ. ಊರಿನ ಹೆಸರು ಬೇಡ. ಐದೂವರೆಗೆ ಕಾರ್ಯಕ್ರಮ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ. ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಎಲ್ಲರ ಭಾಷಣ. ಎಲ್ಲರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಗಾಯಕರು ಪರದೆಯ ಪಕ್ಕ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಅವರ ಸರದಿ ಬರುವಷ್ಟರಲ್ಲಿ ಸನ್ಮಾನ ಮಾಡಿಸಿಕೊಂಡವರೆಲ್ಲ ಎದ್ದು ಹೋಗಿದ್ದರು. ಉಳಿದವರು ವಿಡಿಯೊ ಮಾಡುತ್ತಿದ್ದರು. ವಿಲಂಬಿತ ಶುರುವಾಗಿ ಸ್ವಲ್ಪ ಹೊತ್ತಿಗೇ ಸಂಘಟಕರು ಬಂದು ಗಾಯಕರ ಕಿವಿಯಲ್ಲಿ ಏನೋ ಹೇಳಿದರು. ಅವರು ತಕ್ಷಣ ದ್ರುತಕ್ಕೆ, ವೇಗದ ಲಯಕ್ಕೆ, ಹೋದರು. ಆಮೇಲೆ ಒಂದು ವಚನ, ಮುಗಿಯಿತು.

ನನಗೆ ಅವತ್ತು ಅಳು ಬಂತು. ಉತ್ಪ್ರೇಕ್ಷೆ ಅಲ್ಲ. ಕುಂದಗೋಳದ ನೀರು ಕುಡಿದ ಹಾಡು ಪುಣೆಯಲ್ಲಿ ಕೂತು ಕೇಳುವವರನ್ನು ಪಡೆದಿದೆ. ತನ್ನ ಸೀಮೆಯಲ್ಲಿ ಅದಕ್ಕೆ ಸನ್ಮಾನ ಮಾತ್ರ ಸಿಗುತ್ತದೆ.

ಎಲ್ಲದಕ್ಕೂ ಮೊಬೈಲೇ ಕಾರಣ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪುಣೆಯಲ್ಲೂ ಮೊಬೈಲಿದೆ, ಗಿರಣಿಯವರ ಹತ್ತಿರವೂ ಇತ್ತು, ಬಡಿದುಕೊಂಡಿತು ಕೂಡ. ನಮ್ಮಲ್ಲಿ ಮೊಬೈಲ್ ಬರುವ ಮೊದಲೂ ಕಾಕು ಒಳಗೇ ಇದ್ದಳು, ಮದುವೆಯಲ್ಲಿ ಬೆನ್ನ ಹಿಂದೆ ಜನ ನಿಂತೇ ಇದ್ದರು. ನಮ್ಮ ತೊಂದರೆ ಹಳೆಯದು. ನಮಗೆ "ಈಗ ಆಗೋದಿಲ್ಲ" ಅನ್ನಲು ಬಾಯಿ ಬರುವುದಿಲ್ಲ. ಬಂದವರಿಗೆಲ್ಲ ಬಾಗಿಲು ತೆರೆದಿರಬೇಕು, ಕರೆದವರಿಗೆಲ್ಲ ಓ ಅನ್ನಬೇಕು. ಇಲ್ಲ ಅಂದರೆ ಕೆಟ್ಟವರಾಗುತ್ತೇವೆ ಅನ್ನುವ ಹೆದರಿಕೆ. ಆಗ ಎದುರು ಕೂತವನಿಗೆ ಅರ್ಧ, ಗೇಟಿನಲ್ಲಿ ನಿಂತವನಿಗೆ ಕಾಲು, ಫೋನಿನವನಿಗೆ ಉಳಿದದ್ದು. ಗಿರಣಿಯವರು ಒಂದು ಗಂಟೆಗೆ ಇನ್ನೊಬ್ಬರಿಗೆ ಇಲ್ಲ ಅಂದದ್ದರಿಂದಲೇ ನನ್ನ ಹಿಟ್ಟು ಅಷ್ಟು ಚೆನ್ನಾಗಿ ಬಂತು.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುವಾಗ ನನ್ನ ಹೆಂಡತಿ ಸುಮ್ಮನಿರುತ್ತಾಳೆ. ಅವಳು ಬೆಳಗಾವಿಯವಳು. ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ, ಪುಣೆಯಲ್ಲಿ ನನಗಿಂತ ಜಾಸ್ತಿ ಗೆಳತಿಯರಿದ್ದಾರೆ. ಆದರೂ ನನ್ನ ಈ ಮಾತಿಗೆ ಅವಳು ಒಪ್ಪುವುದಿಲ್ಲ. ಮೊನ್ನೆ ಬಾಯಿಬಿಟ್ಟು ಹೇಳಿದಳು.

"ನೀವು ಹೇಳೂದು ಖರೆ ಅದ. ಆಜೋಬಾ ಛಲೋ ಕೇಳ್ತಾರ. ಆದ್ರ ಆ ರಾತ್ರಿ ನಾವು ಅವರ ಬಾಗಲಾ ಬಡದ್ವಿ ಏನು?"

ಬಡಿದಿರಲಿಲ್ಲ. ಅವಳಿಗೆ ರಾತ್ರಿ ಹೊಟ್ಟೆನೋವು ಬಂದು ಆಸ್ಪತ್ರೆಗೆ ಸೇರಿಸಬೇಕಾದಾಗ ನಾನೊಬ್ಬನೇ ರಿಕ್ಷಾ ಹುಡುಕಿದ್ದೆ. ಮೇಲಿನ ಮಹಡಿಯ ಬಾಗಿಲು ಬಡಿಯುವ ಯೋಚನೆಯೇ ನನಗೆ ಬರಲಿಲ್ಲ. ಬಡಿದಿದ್ದರೆ ಅವರು ಖಂಡಿತ ಬರುತ್ತಿದ್ದರು, ಅದು ನನಗೆ ಗೊತ್ತು. ಆದರೆ ಕೈ ಎತ್ತಲಿಲ್ಲ. ಮರುದಿನ ಎಲ್ಲರೂ ಫೋನ್ ಮಾಡಿದರು. ಎಷ್ಟು ಗಂಟೆಗೆ ಬಂದರೆ ಅನುಕೂಲ ಅಂತ ಕೇಳಿದರು. ಹೇಳಿದ ಹೊತ್ತಿಗೇ ಬಂದರು, ಚೆನ್ನಾಗಿ ಮಾತಾಡಿಸಿದರು, ಎದ್ದು ಹೋದರು. ಯಾರದೂ ಏನೂ ಕಡಿಮೆಯಿರಲಿಲ್ಲ.

ಅಪ್ಪ ಹುಬ್ಬಳ್ಳಿಯಲ್ಲಿ ಆಸ್ಪತ್ರೆಯಲ್ಲಿದ್ದಾಗ ಹಾಗಿರಲಿಲ್ಲ. ಯಾರೂ ಕೇಳಲಿಲ್ಲ, ಬಂದುಬಿಟ್ಟರು. ಓಣಿಯವರೊಬ್ಬರು ಬುತ್ತಿ ತಂದರು. ಇನ್ನೊಬ್ಬರು ತಾವೇ ಔಷಧದ ಚೀಟಿ ಕಸಿದುಕೊಂಡು ಓಡಿದರು. ಹೆಸರೂ ಸರಿಯಾಗಿ ನೆನಪಿಲ್ಲದ ಅಪ್ಪನ ಆಫೀಸಿನವರೊಬ್ಬರು ರಾತ್ರಿಯೆಲ್ಲ ಕಾರಿಡಾರಿನಲ್ಲಿ ಪೇಪರ್ ಹಾಸಿಕೊಂಡು ಮಲಗಿದರು, ನೀ ಮನೀಗ್ ಹೋಗಿ ಮಲಕೋ ಅಂತ ನನ್ನನ್ನು ಕಳಿಸಿದರು. ಅವರು ಅಪ್ಪನ ಹತ್ತಿರ ಏನು ಮಾತಾಡಿದರೋ, ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಮಾತಾಡುವ ಸ್ಥಿತಿಯಲ್ಲೂ ಅಪ್ಪ ಇರಲಿಲ್ಲ. ಅವರು ಅಲ್ಲಿದ್ದರು. ಇಡೀ ರಾತ್ರಿ ಇದ್ದರು. ಸುಮ್ನೆ ಇರುವುದರ ಬಗ್ಗೆ ಇಷ್ಟೆಲ್ಲ ಬರೆದ ನಾನು ಅದನ್ನು ಬಿಟ್ಟು ಬರೆಯಲು ಆಗುವುದಿಲ್ಲ.

ಇನ್ನೊಂದು ಮಾತೂ ಇದೆ. ಒಂದರಿಂದ ನಾಲ್ಕು ಮಲಗುವುದು ಅಂಗಡಿಯ ಮಾಲೀಕ. ನಮ್ಮ ಓಣಿಯಲ್ಲಿ ಆ ಹೊತ್ತಿಗೂ ತರಕಾರಿ ಗಾಡಿ ದಬ್ಬುವವರಿದ್ದಾರೆ, ಪಾರ್ಸೆಲ್ ತರುವ ಹುಡುಗರು ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ಕಲಬುರಗಿ, ವಿಜಯಪುರದ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಪುಣೆಯ ನಿಧಾನದಲ್ಲಿ ಅವರಿಗೆ ಪಾಲಿಲ್ಲ. ಬೋರ್ಡು ಬರೆಸಲು ಮೊದಲು ಅಂಗಡಿ ಇರಬೇಕು, ಅಲ್ವಾ?

ಇಷ್ಟೆಲ್ಲ ಒಪ್ಪಿದ ಮೇಲೂ ಹೆಂಡತಿಗೆ ನಾನು ಪೂರ್ತಿ ಸೋಲಲಿಲ್ಲ. ಕಷ್ಟಕ್ಕೆ ಓಡಿಬರುವ ಜನ ನಾವು, ಸರಿ. ಆದರೆ ಕಷ್ಟ ಬರುವವರೆಗೂ ಯಾಕೆ ಕಾಯಬೇಕು? ಏನೂ ಆಗದ ಒಂದು ಸಂಜೆ, ಟಿವಿ ಆರಿಸಿ, ಒಲೆ ಆರಿಸಿ ಎದುರು ಕೂರಲು ನಮಗೇನು ಅಡ್ಡಿ ಅಂತ ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಫೋನ್ ತೆಗೆದುಕೊಂಡು ಕಾಕುವಿಗೆ ಹಚ್ಚಿದಳು. ಈ ಡಿಸೆಂಬರಿಗೆ ಸವಾಯಿಗೆ ಬಾ ಅಂದಳು. ಹುಬ್ಬಳ್ಳಿ, ಪುಣೆ ನಡುವೆ 2024ರಿಂದ ವಂದೇ ಭಾರತ್ ಓಡುತ್ತಿದೆ, ಧಾರವಾಡದಲ್ಲಿ ಹತ್ತಿದರೆ ಸಂಜೆಯೊಳಗೆ ಇಲ್ಲಿ ಅಂತ ವಿವರಿಸಿದಳು. ಕಾಕು ಮೊದಲು ಕೇಳಿದ್ದು ಚಕ್ಕಲಿ ಎಷ್ಟು ಕರಿಯಲಿ ಅಂತ. ಏನೂ ಬೇಡ ಅಂದೆವು. ಇನ್ನೂ ವಾದ ನಡೆದಿದೆ.